ಅಮೆರಿಕನ್ನರ ವಿದೇಶಪ್ರವಾಸ: ಶಿಷ್ಟಾಚಾರ ಮತ್ತು ರಾಷ್ಟ್ರಪ್ರತಿಷ್ಠೆ

ಪರದೇಶಗಳಲ್ಲಿ ಸಂಚರಿಸುವ ಅಮೆರಿಕ ಸಂಯುಕ್ತಸಂಸ್ಥಾನದ ಪ್ರಜೆಗಳು ಅಲ್ಲಿ ಹೇಗೆ ನಡೆದುಕೊಳ್ಳಬೇಕೆಂಬ ಪ್ರಶ್ನೆಯು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಾಹಿತ್ಯದ ವಸ್ತುವಾಗಿ ತಲೆದೋರಿ, ಇಪ್ಪತ್ತನೆಯ ಶತಮಾನದ ನಡುವಿನ ವೇಳೆಗೆ ರಾಜ್ಯನೀತಿಯ ವಿಷಯವಾಗಿ ಪರಿಣಮಿಸಿತು. 1867ರಲ್ಲಿ ಕ್ವೇಕರ್ ಸಿಟಿ ಎಂಬ ಹಡಗನ್ನೇರಿ ಯೂರೋಪಿಗೂ ಪ್ಯಾಲೆಸ್ಟೈನಿಗೂ ಹೊರಟ ಯಾತ್ರಿಕರಲ್ಲಿ ಮಾರ್ಕ್ ಟ್ವೇನನೂ ಒಬ್ಬನಾಗಿದ್ದನು. ಸಹಯಾತ್ರಿಕರ ಆಡಂಬರವನ್ನೂ, ಪುರಾತನ ಸ್ಮಾರಕಗಳನ್ನು ಒಡೆದು ಚೂರುಗಳನ್ನು ಊರಿಗೆ ಒಯ್ಯುವ ಚಾಪಲ್ಯವನ್ನೂ ಅವನು 1869ರ ‘ದಿ ಇನೊಸೆಂಟ್ಸ್ ಅಬ್ರಾಡ್’ ಗ್ರಂಥದಲ್ಲಿ ನಿರ್ದಾಕ್ಷಿಣ್ಯವಾಗಿ ಚಿತ್ರಿಸಿದನು. ಹೆನ್ರಿ ಜೇಮ್ಸನ ‘ಡೇಸಿ ಮಿಲ್ಲರ್’ ಕಥೆಯಲ್ಲಿ (1878) ರೋಮಿಗೆ ಬಂದ ಸರಳಹೃದಯದ ತರುಣಿಯನ್ನು ದೂರವಿಡುವವರು, ಅಲ್ಲಿಯೇ ನೆಲೆಸಿದ ಅವಳ ಸ್ವದೇಶೀಯರೇ ಎಂಬುದು ಗಮನಾರ್ಹ.

ಈ ವಿಷಯವನ್ನು ಕುರಿತ ಬರೆಹಗಳಲ್ಲಿ ಅತ್ಯಂತ ವಿವೇಕಯುತವಾದುದು, ಎರಡನೆಯ ಮಹಾಯುದ್ಧಕಾಲದಲ್ಲಿ, 1942ರಲ್ಲಿ, ಬ್ರಿಟನ್ನಿಗೆ ತೆರಳುವ ಸೈನಿಕರಿಗಾಗಿ ಅಮೆರಿಕದ ಯುದ್ಧ ಇಲಾಖೆಯು ಹೊರಡಿಸಿದ ಕಿರುಹೊತ್ತಗೆಯೆಂದು ಹೇಳಬೇಕು. ಸಂಬಳದ ಹೆಚ್ಚಳವನ್ನು ಕೊಚ್ಚಿಕೊಳ್ಳಬಾರದು, ಆ ನಾಡಿನ ಅರಸನನ್ನು ಹಳಿಯಬಾರದು, ಹಿಂದಿನ ಯುದ್ಧವನ್ನು ಗೆದ್ದವರು ತಾವೇ ಎನ್ನಬಾರದು ಎಂಬ ನಿಷೇಧಗಳು ಅದರಲ್ಲಿ ಉಂಟು. ಆದರೆ ಅದರ ನಿಜವಾದ ಹಿರಿಮೆ ನಿಷೇಧಗಳಿಗೆ ಕಾರಣವನ್ನು ಕೊಡುವುದರಲ್ಲಿದೆ. ಮನೆಗಳು ಬಣ್ಣಗೆಟ್ಟು ನಿಂತಿರುವುದು ಜನರ ಉದಾಸೀನತೆಯಿಂದಲ್ಲ, ಕಾರ್ಖಾನೆಗಳೆಲ್ಲ ಯುದ್ಧಸಾಮಗ್ರಿಗಳ ತಯಾರಿಕೆಯಲ್ಲಿ ತೊಡಗಿರುವುದರಿಂದ. ಊಟಕ್ಕೆ ಕರೆದವರ ಮನೆಯಲ್ಲಿ ಮಿತವಾಗಿ ಉಣ್ಣಬೇಕಾದುದು, ಎಲೆಗೆ ಬಂದದ್ದು ಆ ಕುಟುಂಬದ ವಾರದ ಪಡಿತರವಾಗಿರಬಹುದಾದ್ದರಿಂದ. ಸಮವಸ್ತ್ರಧಾರಿಣಿಯರಾದ ಸ್ತ್ರೀಯರನ್ನು ಗೌರವಿಸಬೇಕಾದುದು, ಬಾಂಬುಗಳ ಮಳೆಯಲ್ಲಿಯೂ ಅವರು ತಮ್ಮ ಸ್ಥಾನವನ್ನು ಬಿಟ್ಟು ಕದಲಲಿಲ್ಲವಾದ್ದರಿಂದ. ಆತಿಥೇಯರ ಕಷ್ಟವನ್ನು ಅರಿತವನಿಗೆ ವಿನಯವನ್ನು ಬೇರೆಯಾಗಿ ಬೋಧಿಸಬೇಕಾಗಿಲ್ಲವೆಂಬ ಈ ದೃಷ್ಟಿ, ಮುಂದಿನ ಕೈಪಿಡಿಗಳಲ್ಲಿ ಇಷ್ಟು ಸ್ಪಷ್ಟವಾಗಿ ಕಾಣಿಸದು.

ಯುದ್ಧಾನಂತರ ಡಾಲರಿನ ಬಲವೂ, 1958ರಲ್ಲಿ ಅಟ್ಲಾಂಟಿಕ್ ಸಾಗರದ ಮೇಲೆ ಆರಂಭವಾದ ಜೆಟ್ ವಿಮಾನಸಂಚಾರವೂ ಪ್ರವಾಸಿಗರ ಸಂಖ್ಯೆಯನ್ನು ಹೆಚ್ಚಿಸಿದುವು. ಸೋವಿಯೆತ್ ಒಕ್ಕೂಟದೊಡನೆ ಸ್ಪರ್ಧೆ ನಡೆದಿದ್ದ ಆ ಕಾಲದಲ್ಲಿ ಪ್ರತಿಯೊಬ್ಬ ಪ್ರವಾಸಿಯೂ ದೇಶದ ಪ್ರತಿನಿಧಿಯೆಂಬ ಭಾವನೆಯನ್ನು ಸರ್ಕಾರವು ಬೆಳೆಸಿತು. ಅಧ್ಯಕ್ಷ ಐಸೆನ್‌ಹೋವರನು 1956ರಲ್ಲಿ ಜನಸಾಮಾನ್ಯರ ನಡುವಣ ಸ್ನೇಹಸಂಪರ್ಕಕ್ಕಾಗಿಯೇ ಒಂದು ಯೋಜನೆಯನ್ನು ಪ್ರಾರಂಭಿಸಿದನು. 1958ರಲ್ಲಿ ಲೆಡರರ್ ಮತ್ತು ಬರ್ಡಿಕ್ ಬರೆದ ‘ದಿ ಅಗ್ಲಿ ಅಮೆರಿಕನ್’ (ಕುರೂಪಿ ಅಮೆರಿಕನ್) ಕಾದಂಬರಿಯು, ಸಾರ್ಖಾನ್ ಎಂಬ ಕಲ್ಪಿತ ಏಷ್ಯಾ ದೇಶದಲ್ಲಿ, ನಾಡಭಾಷೆಯನ್ನರಿಯದೆ ಔತಣಕೂಟಗಳಲ್ಲಿ ಕಾಲ ಕಳೆಯುವ ರಾಜತಂತ್ರಜ್ಞರನ್ನು ಖಂಡಿಸಿತು. ಅದರ ಹೆಸರು ಅನಂತರ ಗರ್ವಿಷ್ಠ ಪ್ರವಾಸಿಗೆ ಅಂಟಿಕೊಂಡಿದೆಯಾದರೂ, ಗ್ರಂಥದೊಳಗಿನ ಆ ಕುರೂಪಿ, ಹಳ್ಳಿಗರೊಡನೆ ಬಾಳಿ ಸೈಕಲ್ಲಿನಿಂದ ನಡೆಯುವ ನೀರೆತ್ತುವ ಯಂತ್ರವನ್ನು ನಿರ್ಮಿಸಿದ ಸಜ್ಜನ ಎಂಜಿನಿಯರ್. ಸೆನೆಟ್ ಸದಸ್ಯನಾಗಿದ್ದ ಜಾನ್ ಕೆನಡಿಯು ಈ ಪುಸ್ತಕವನ್ನು ತನ್ನ ಸಹಸದಸ್ಯರಿಗೆ ಕಳುಹಿಸಿಕೊಟ್ಟನು. 1961ರಲ್ಲಿ ಅಧ್ಯಕ್ಷನಾದೊಡನೆ ಅವನು ಸ್ಥಾಪಿಸಿದ ಶಾಂತಿದಳದಲ್ಲಿ, ಸ್ವಯಂಸೇವಕರು ಸ್ಥಳೀಯ ಭಾಷೆಯನ್ನು ಕಲಿತು, ಜನರ ನಡುವೆ ಅವರಂತೆಯೇ ಸಾಧಾರಣ ವರಮಾನದಲ್ಲಿ ಜೀವಿಸುವುದು ನಿಯಮವಾಯಿತು.