ಹೆದ್ದಾರಿಯ ತಂಗುದಾಣ: ಕಾರ್ಬಿನ್ ಪಟ್ಟಣದ ಚರಿತ್ರೆ

ದಾರಿಹೋಕರ ಹಸಿವು ಬಾಯಾರಿಕೆಗಳನ್ನು ತಣಿಸಿ, ಒಂದು ರಾತ್ರಿಯ ಮಟ್ಟಿಗೆ ಅವರಿಗೆ ಆಶ್ರಯವಿತ್ತು, ಮರುದಿನ ಮುಂದಕ್ಕೆ ಕಳುಹಿಸಿಕೊಡುವ ಊರುಗಳು ಎಲ್ಲ ದೇಶಗಳಲ್ಲಿಯೂ ಇವೆ. ನಮ್ಮ ನಾಡಿನ ಹಳೆಯ ಮಾರ್ಗಗಳಲ್ಲಿ ಅರವಟ್ಟಿಗೆಗಳೂ ಛತ್ರಗಳೂ ಈ ಕಾರ್ಯವನ್ನು ನೆರವೇರಿಸಿದುವು. ರಾಜಧಾನಿಗಳ ಹಾಗೂ ರಣರಂಗಗಳ ಇತಿಹಾಸವನ್ನು ಬರೆದವರು ಇಂತಹ ಊರುಗಳನ್ನು ಹೆಚ್ಚಾಗಿ ಗಮನಿಸಿಲ್ಲ. ಆದರೆ ಒಂದು ಸಮಾಜವು ಪರಸ್ಥಳದವನನ್ನು ಹೇಗೆ ಬರಮಾಡಿಕೊಂಡಿತು ಎಂಬುದನ್ನು ತಿಳಿಯಬೇಕಾದರೆ ನಾವು ಇಂತಹ ಊರುಗಳಿಗೇ ಹೋಗಬೇಕು. ಈ ದೃಷ್ಟಿಯಿಂದ ಅಮೆರಿಕಾದ ದಕ್ಷಿಣ ಪ್ರಾಂತ್ಯದ ಕೆಂಟಕಿ ರಾಜ್ಯದಲ್ಲಿರುವ ಕಾರ್ಬಿನ್ ಎಂಬ ಸಣ್ಣ ಪಟ್ಟಣದ ವೃತ್ತಾಂತವನ್ನು ವಾಚಕರ ಮುಂದಿಡಲು ಬಯಸುತ್ತೇವೆ.

ಅಪಲೇಷಿಯನ್ ಪರ್ವತಶ್ರೇಣಿಯ ತಪ್ಪಲಿನಲ್ಲಿ, ಮೂರು ಜಿಲ್ಲೆಗಳು ಕೂಡುವ ಎಡೆಯಲ್ಲಿ ಕಾರ್ಬಿನ್ ಇದೆ. 2020ರ ಜನಗಣತಿಯಂತೆ ಅಲ್ಲಿಯ ಜನಸಂಖ್ಯೆ ಎಂಟು ಸಾವಿರಕ್ಕೂ ಕಡಿಮೆ. 1775ರಲ್ಲಿ ಡೇನಿಯಲ್ ಬೂನ್ ಎಂಬ ಸಾಹಸಿಯು ಕಂಬರ್ಲೆಂಡ್ ಕಣಿವೆಯ ಮೂಲಕ ಕಾಡು ಕಡಿಸಿ ಮಾಡಿದ ದಾರಿಯು ಈ ಸೀಮೆಯಲ್ಲಿಯೇ ಹಾದುಹೋಗಿತ್ತು. ಆದರೂ ಊರೆಂಬುದು ರೂಪುಗೊಂಡದ್ದು 1880ರ ದಶಕದಲ್ಲಿ, ಲೂಯಿವಿಲ್ ಮತ್ತು ನ್ಯಾಶ್‌ವಿಲ್ ರೈಲ್ವೆ ಕಂಪನಿಯ ಹಳಿಗಳು ಅಲ್ಲಿಗೆ ಬಂದ ಮೇಲೆ. ಬೆಟ್ಟಗಳ ಕಲ್ಲಿದ್ದಲನ್ನು ಸಾಗಿಸುವ ಬಂಡಿಗಳಿಗೆ ಕಾರ್ಬಿನ್ ದೊಡ್ಡ ನಿಲ್ದಾಣವಾಯಿತು. ಅಂಗಡಿಬೀದಿ, ಶಾಲೆ, ಮನೆಗಳು ರೈಲ್ವೆಯ ಸಂಬಳವನ್ನು ನಂಬಿ ಎದ್ದುವು.

ರೈಲಿನ ಹಿಂದೆಯೇ ಮೋಟಾರು ಬಂದಿತು. 1915ರಲ್ಲಿ ಉತ್ತರದ ಮಿಷಿಗನ್‌ನಿಂದ ದಕ್ಷಿಣದ ಮಯಾಮಿಯವರೆಗೆ ‘ಡಿಕ್ಸಿ ಹೆದ್ದಾರಿ’ಯನ್ನು ನಿರ್ಮಿಸುವ ಯೋಜನೆ ರೂಪುಗೊಂಡಿತು. ಅದರ ಒಂದು ಕವಲು, ಮುಂದೆ 25ನೆಯ ಹೆದ್ದಾರಿ ಎನಿಸಿಕೊಂಡ ರಸ್ತೆ, ಕಾರ್ಬಿನ್ನಿನ ಬಳಿ ಎರಡಾಗಿ ಒಡೆಯುತ್ತಿತ್ತು: ಒಂದು ಕಂಬರ್ಲೆಂಡ್ ಕಣಿವೆಯ ಕಡೆಗೆ, ಇನ್ನೊಂದು ಟೆನೆಸ್ಸೀ ರಾಜ್ಯದ ನಾಕ್ಸ್‌ವಿಲ್ ಕಡೆಗೆ. ಚಳಿಗಾಲದಲ್ಲಿ ಫ್ಲಾರಿಡಾದ ಬಿಸಿಲನ್ನು ಅರಸಿ ಹೊರಟ ಉತ್ತರದವರಿಗೆ ಈ ಕವಲುದಾರಿಯು ಸಹಜವಾಗಿಯೇ ತಂಗುದಾಣವಾಯಿತು.

ಈ ರಸ್ತೆಯ ಬದಿಗೆ 1930ರಲ್ಲಿ ಹಾರ್ಲೆಂಡ್ ಸ್ಯಾಂಡರ್ಸ್ ಎಂಬ ನಲವತ್ತು ವರ್ಷದ ಗೃಹಸ್ಥನು ಬಂದು ಪೆಟ್ರೋಲ್ ಬಂಕೊಂದನ್ನು ನಡೆಸತೊಡಗಿದನು. ಹಲವು ಕಸುಬುಗಳನ್ನು ಹಿಡಿದು ಬಿಟ್ಟಿದ್ದ ಅವನು, ಪೆಟ್ರೋಲಿಗಾಗಿ ನಿಂತವರು ಹಸಿದಿರುವುದನ್ನು ಕಂಡು ತನ್ನ ಮನೆಯ ಮೇಜಿನಲ್ಲಿಯೇ ಊಟ ಬಡಿಸಿದನು. ಕ್ರಮೇಣ ಭೋಜನಶಾಲೆಯೂ, ಮೋಟಾರಿನವರು ಇಳಿದುಕೊಳ್ಳುವ ವಸತಿಗೃಹವೂ ಎದ್ದುವು. 1935ರಲ್ಲಿ ರಾಜ್ಯದ ಗವರ್ನರ್ ಅವನಿಗೆ ‘ಕರ್ನಲ್’ ಎಂಬ ಗೌರವ ಬಿರುದನ್ನಿತ್ತರು. 1939ರಲ್ಲಿ, ದಾರಿಬದಿಯ ಉತ್ತಮ ಭೋಜನಶಾಲೆಗಳನ್ನು ಪಟ್ಟಿ ಮಾಡುತ್ತಿದ್ದ ಡಂಕನ್ ಹೈನ್ಸರ ಕೈಪಿಡಿಯಲ್ಲಿ ಅವನ ಹೆಸರು ಸೇರಿತು. ಅದೇ ವರ್ಷ ಕಟ್ಟಡವು ಬೆಂಕಿಗೆ ಆಹುತಿಯಾದರೂ ಅವನು ಎದೆಗುಂದದೆ ಅದನ್ನು ಮರಳಿ ಕಟ್ಟಿಸಿದನು.

ಅವನ ಬುದ್ಧಿವಂತಿಕೆಗೆ ಎರಡು ನಿದರ್ಶನಗಳನ್ನು ಹೇಳಬಹುದು. ವಸತಿಗೃಹದ ಕೋಣೆಗಳ ಅಚ್ಚುಕಟ್ಟನ್ನು ಪ್ರಯಾಣಿಕರಿಗೆ ಮನಗಾಣಿಸಲು, ಭೋಜನಶಾಲೆಯ ಒಳಗೇ ಹಾಸಿಗೆ ಸಹಿತವಾದ ಮಾದರಿ ಕೋಣೆಯೊಂದನ್ನು ಅವನು ಕಟ್ಟಿಸಿದ್ದನು. ಊಟಕ್ಕೆ ಬಂದವರು ಅದನ್ನು ನೋಡಿಯೇ ಮುಂದೆ ಹೋಗಬೇಕಿತ್ತು. ಎರಡನೆಯದು ಕೋಳಿಮಾಂಸವನ್ನು ಕರಿಯುವ ವಿಧಾನ. ಬಾಣಲೆಯಲ್ಲಿ ಕರಿಯಲು ಅರ್ಧ ಗಂಟೆ ಬೇಕು. ದಾರಿಹೋಕನಿಗೆ ಅಷ್ಟು ಪುರುಸೊತ್ತಿಲ್ಲ. ಮೊದಲೇ ಕರಿದಿಟ್ಟರೆ ರುಚಿ ಕೆಡುತ್ತದೆ. ಆಗ ಹೊಸದಾಗಿ ಮಾರುಕಟ್ಟೆಗೆ ಬಂದಿದ್ದ ಪ್ರೆಶರ್ ಕುಕ್ಕರನ್ನು ಈ ಕೆಲಸಕ್ಕೆ ಪಳಗಿಸಿ, ಕೆಲವೇ ನಿಮಿಷಗಳಲ್ಲಿ ಬಿಸಿಯಾಗಿ ಬಡಿಸುವ ಕ್ರಮವನ್ನು ಅವನು ಕಂಡುಕೊಂಡನು. ಲೋಕಪ್ರಸಿದ್ಧವಾದ ಆ ತಿನಿಸು ಹೆದ್ದಾರಿಯ ಅವಸರದಿಂದಲೇ ಹುಟ್ಟಿತೆಂದರೆ ಅತಿಶಯೋಕ್ತಿಯಾಗದು.

ಊರಿನ ಇನ್ನೊಂದು ಆಕರ್ಷಣೆಯು ಪ್ರಕೃತಿದತ್ತವಾದುದು. ಸಮೀಪದಲ್ಲಿರುವ ಕಂಬರ್ಲೆಂಡ್ ಜಲಪಾತದಲ್ಲಿ ನದಿಯು ಸುಮಾರು 68 ಅಡಿ ಕೆಳಕ್ಕೆ ಧುಮುಕುತ್ತದೆ. ಹುಣ್ಣಿಮೆಯ ಆಸುಪಾಸಿನಲ್ಲಿ, ಆಕಾಶವು ನಿರ್ಮಲವಾಗಿದ್ದಾಗ, ತುಂತುರಿನ ಮೇಲೆ ಬೆಳದಿಂಗಳು ಬಿದ್ದು ಚಂದ್ರಬಿಲ್ಲು ಮೂಡುತ್ತದೆ. ಅಣೆಕಟ್ಟು ಕಟ್ಟಿ ವಿದ್ಯುತ್ತನ್ನು ಉತ್ಪಾದಿಸುವ ಯತ್ನ ನಡೆದಾಗ, ಕೋಲ್ಮನ್ ಡುಪಾಂಟ್ ಎಂಬ ಶ್ರೀಮಂತರು ಆ ನೆಲವನ್ನು ಕೊಂಡು ರಾಜ್ಯಕ್ಕೆ ದಾನ ಮಾಡಲು ಮುಂದೆ ಬಂದರು. 1930ರಲ್ಲಿ ಅವರು ತೀರಿಕೊಂಡ ಮೇಲೆ ಕುಟುಂಬದವರು ಅದನ್ನು ನಡೆಸಿಕೊಟ್ಟರು. 1931ರಿಂದ ಅದು ರಾಜ್ಯದ ಉದ್ಯಾನವಾಗಿ ಉಳಿದಿದೆ.

ಇಷ್ಟನ್ನೇ ಹೇಳಿ ಮುಗಿಸಿದರೆ ಚರಿತ್ರೆಗೆ ಅಪಚಾರವಾದೀತು. ಅತಿಥಿಸತ್ಕಾರಕ್ಕೆ ಹೆಸರಾದ ಈ ಊರಿನ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. 1919ರ ಅಕ್ಟೋಬರ್ ಕೊನೆಯಲ್ಲಿ, ಬಿಳಿಯನೊಬ್ಬನ ಮೇಲೆ ಕಪ್ಪು ಜನಾಂಗದವರು ಹಲ್ಲೆ ನಡೆಸಿದರೆಂಬ ಆಪಾದನೆಯು ಹಬ್ಬಿತು. ಶಸ್ತ್ರಧಾರಿಗಳ ಗುಂಪೊಂದು ಮನೆಮನೆಗೆ ನುಗ್ಗಿ, ರೈಲ್ವೆಯ ಕೆಲಸಕ್ಕೆಂದು ಬಂದಿದ್ದವರೇ ಮೊದಲಾದ ಸುಮಾರು 200 ಮಂದಿ ಕಪ್ಪು ಜನರನ್ನು ನಿಲ್ದಾಣಕ್ಕೆ ಅಟ್ಟಿ, ರೈಲಿಗೆ ಹತ್ತಿಸಿ ಊರಿನಿಂದ ಹೊರದೂಡಿತು. ಯಾವ ಹಳಿಗಳನ್ನು ನಂಬಿ ಅವರು ಬಂದಿದ್ದರೋ ಅವೇ ಹಳಿಗಳ ಮೇಲೆ ಅವರನ್ನು ಹಿಂದಕ್ಕೆ ಕಳುಹಿಸಲಾಯಿತು. ಅನಂತರ ಅನೇಕ ದಶಕಗಳ ಕಾಲ ಕಾರ್ಬಿನ್ ಬಹುಮಟ್ಟಿಗೆ ಬಿಳಿಯರದೇ ಊರಾಗಿ ಉಳಿಯಿತು.

ಸೂರ್ಯಾಸ್ತದ ಬಳಿಕ ಕಪ್ಪು ಜನರು ನಿಲ್ಲಬಾರದೆಂಬ ಅಲಿಖಿತ ನಿಯಮವಿದ್ದ ಊರುಗಳು ಅಮೆರಿಕಾದಲ್ಲಿ ಅನೇಕವಾಗಿದ್ದುವು. ನ್ಯೂಯಾರ್ಕಿನ ಅಂಚೆ ನೌಕರ ವಿಕ್ಟರ್ ಹ್ಯೂಗೋ ಗ್ರೀನ್ 1936ರಿಂದ ‘ಗ್ರೀನ್ ಬುಕ್’ ಎಂಬ ಕೈಪಿಡಿಯನ್ನು ಪ್ರಕಟಿಸಿದ್ದು ಈ ಕಾರಣದಿಂದಲೇ. ಕಪ್ಪು ಪ್ರಯಾಣಿಕರಿಗೆ ಎಲ್ಲಿ ಊಟ ದೊರೆಯುತ್ತದೆ, ಎಲ್ಲಿ ಹಾಸಿಗೆ ದೊರೆಯುತ್ತದೆ ಎಂಬುದನ್ನು ಅದು ತಿಳಿಸುತ್ತಿತ್ತು. ಡಂಕನ್ ಹೈನ್ಸರ ಕೈಪಿಡಿಯು ರುಚಿಯನ್ನು ಹುಡುಕುವವರಿಗಾಗಿ. ಗ್ರೀನರ ಕೈಪಿಡಿಯು ಅಪಾಯದಿಂದ ಪಾರಾಗಬೇಕಾದವರಿಗಾಗಿ. ಒಂದೇ ಕಾಲದಲ್ಲಿ, ಒಂದೇ ದೇಶದ ಹೆದ್ದಾರಿಗಳಲ್ಲಿ ಇವೆರಡೂ ಬೇಕಾಗಿದ್ದುವೆಂಬುದನ್ನು ನಾವು ಮರೆಯಬಾರದು. ಸಾರ್ವಜನಿಕ ಭೋಜನಶಾಲೆ, ವಸತಿಗೃಹಗಳಲ್ಲಿ ಬಣ್ಣದ ಭೇದವನ್ನು ಕಾನೂನು ನಿಷೇಧಿಸಿದ್ದು 1964ರಲ್ಲಿ.

ಅಷ್ಟರಲ್ಲಿ ಹೆದ್ದಾರಿಯೇ ಊರನ್ನು ತೊರೆಯುವ ಸೂಚನೆಗಳಿದ್ದುವು. 1956ರಲ್ಲಿ ಅಮೆರಿಕಾದ ಸಂಸತ್ತು 41,000 ಮೈಲಿಗಳ ಅಂತರರಾಜ್ಯ ಹೆದ್ದಾರಿಗಳಿಗೆ ಒಪ್ಪಿಗೆಯಿತ್ತಿತು. 75ನೆಯ ಅಂತರರಾಜ್ಯ ಹೆದ್ದಾರಿಯು ಪಟ್ಟಣವನ್ನು ಬದಿಗಿಟ್ಟು ಪಶ್ಚಿಮಕ್ಕೆ ಹಾದುಹೋಗುವುದೆಂದು ತಿಳಿಯುತ್ತಲೇ ಸ್ಯಾಂಡರ್ಸನ ಆಸ್ತಿಯ ಬೆಲೆ ಕುಸಿಯಿತು. ಅದೇ ವರ್ಷ ಅದು ಹರಾಜಾಯಿತು; ಸಾಲಗಳನ್ನು ತೀರಿಸಿದ ಮೇಲೆ ಅವನಿಗೆ ಉಳಿದದ್ದು ತಿಂಗಳಿಗೆ 105 ಡಾಲರುಗಳ ವೃದ್ಧಾಪ್ಯ ವೇತನ ಮಾತ್ರ. ದಾರಿಹೋಕರು ತನ್ನಲ್ಲಿಗೆ ಬಾರದಿದ್ದರೆ ತಾನೇ ದಾರಿಹೋಕನಾಗುವೆನೆಂದು ಅವನು ಕುಕ್ಕರನ್ನೂ ಮಸಾಲೆಯನ್ನೂ ಕಾರಿಗೆ ಹಾಕಿಕೊಂಡು ಹೊರಟನು. 1952ರಲ್ಲಿಯೇ ದೂರದ ಯೂಟಾ ರಾಜ್ಯದಲ್ಲಿ ಪೀಟ್ ಹಾರ್ಮನ್ ಎಂಬ ಹೋಟೆಲಿನವರು ಅವನ ವಿಧಾನವನ್ನು ಅಳವಡಿಸಿಕೊಂಡಿದ್ದರು. ಈಗ ಊರೂರು ಅಲೆದು, ಮಾರಾಟವಾದ ಪ್ರತಿ ಕೋಳಿಗೆ ಕೆಲವು ಸೆಂಟುಗಳಂತೆ ಗೌರವಧನವನ್ನು ಗೊತ್ತುಮಾಡಿಕೊಂಡನು. 1964ರಲ್ಲಿ ಎರಡು ದಶಲಕ್ಷ ಡಾಲರುಗಳಿಗೆ ವ್ಯಾಪಾರವನ್ನು ಮಾರಿದನು. 1980ರಲ್ಲಿ, ತೊಂಬತ್ತನೆಯ ವಯಸ್ಸಿನಲ್ಲಿ ಕಾಲವಾದನು.

ಆ ಹೆಸರು ನಮ್ಮ ನಾಡಿಗೂ ಬಂದಿತು. ಭಾರತದಲ್ಲಿ ಆ ಸಂಸ್ಥೆಯ ಮೊದಲ ಮಳಿಗೆಯು 1995ರಲ್ಲಿ ಬೆಂಗಳೂರಿನಲ್ಲಿಯೇ ತೆರೆಯಿತು. ಪ್ರೊಫೆಸರ್ ಎಂ. ಡಿ. ನಂಜುಂಡಸ್ವಾಮಿಯವರ ನಾಯಕತ್ವದ ರಾಜ್ಯ ರೈತ ಸಂಘವು ಅದನ್ನು ಪ್ರಬಲವಾಗಿ ವಿರೋಧಿಸಿತು. 1996ರ ಜನವರಿಯಲ್ಲಿ ಮಳಿಗೆಯ ಮೇಲೆ ದಾಳಿಯೂ ನಡೆಯಿತು. ದೂರದ ಬೆಟ್ಟದ ತಪ್ಪಲಿನ ಪೆಟ್ರೋಲ್ ಬಂಕೊಂದರಲ್ಲಿ ಹುಟ್ಟಿದ ಅಡುಗೆಯು, ರೈತನ ಬಾಳು ಮತ್ತು ಜಾಗತಿಕ ವ್ಯಾಪಾರವನ್ನು ಕುರಿತ ವಾದಕ್ಕೆ ಇಲ್ಲಿ ನಿಮಿತ್ತವಾಯಿತು.

ಹೆದ್ದಾರಿ ಬದಿಗೆ ಸರಿದಾಗಿನ ಸಂಕಟವೂ ನಮಗೆ ಅಪರಿಚಿತವಲ್ಲ. 2023ರಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯು ಉದ್ಘಾಟನೆಯಾದಾಗ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳು ಪಕ್ಕಕ್ಕುಳಿದುವು. ಬೊಂಬೆಗಳನ್ನೂ ವಡೆಯನ್ನೂ ನಂಬಿದ್ದ ಅಂಗಡಿಯವರು ವ್ಯಾಪಾರ ಇಳಿದುದನ್ನು ಹೇಳಿಕೊಂಡರು. ಪ್ರಯಾಣದಲ್ಲಿ ಉಳಿದ ಸಮಯವೆಷ್ಟೆಂದು ಲೆಕ್ಕ ಹಾಕುವವರು, ಹಳೆಯ ರಸ್ತೆಯ ಬದಿಯಲ್ಲಿ ಹೋದ ಕೂಳಿನ ಲೆಕ್ಕವನ್ನೂ ಇಡುವುದು ನ್ಯಾಯ.

ಕಾರ್ಬಿನ್ ನಾಶವಾಗಲಿಲ್ಲ. ಸ್ಯಾಂಡರ್ಸನ ಭೋಜನಶಾಲೆಯು 1990ರಲ್ಲಿ ಹಳೆಯ ರೂಪದಲ್ಲಿ ಜೀರ್ಣೋದ್ಧಾರಗೊಂಡು ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು. ಮಾದರಿ ಕೋಣೆಯನ್ನು ಅಲ್ಲಿ ಕಾಣಬಹುದು. ಊರಿನವರು ತಮ್ಮ ಹೆಸರಿನ ಅಕ್ಷರಗಳನ್ನು ತಿರುವುಮುರುವು ಮಾಡಿ ‘ನಿಬ್ರಾಕ್’ ಎಂಬ ವಾರ್ಷಿಕ ಉತ್ಸವವನ್ನು ನಡೆಸುತ್ತಾರೆ. 1919ರ ಘಟನೆಯನ್ನು ಕುರಿತು ಸಾಕ್ಷ್ಯಚಿತ್ರವೂ ಬಂದಿದೆ. ಬಹುಕಾಲ ಮುಚ್ಚಿಟ್ಟಿದ್ದ ಮಾತು ಬಹಿರಂಗಕ್ಕೆ ಬಂದಿದೆ. ಒಂದು ಊರಿನ ಚರಿತ್ರೆಯನ್ನು ಬರೆಯುವವರು ಅಲ್ಲಿ ಉಂಡು ಹೋದವರನ್ನು ಎಣಿಸುವಂತೆಯೇ, ಉಣ್ಣಲು ಬಿಡದೆ ಅಟ್ಟಲ್ಪಟ್ಟವರನ್ನೂ ಎಣಿಸಬೇಕೆಂಬುದು ಕಾರ್ಬಿನ್ನಿನ ವೃತ್ತಾಂತದಿಂದ ನಾವು ಕಲಿಯಬಹುದಾದ ಪಾಠವಾಗಿದೆ.