ಜೂಜಿನ ಕಾಯ್ದೆಯೂ ನಮ್ಮ ಓಣಿಯೂ



ಹೋದ ತಿಂಗಳು ಮಂಡಳದ ಸಭೆ ಮುಗಿದ ಮೇಲೆ ಕಟ್ಟೆಯ ಮೇಲೆ ಚಹಾ ಕುಡೀತಾ ಕೂತಿದ್ದೆವು. ನಮ್ಮ ಹುಡುಗರಲ್ಲೇ ಒಬ್ಬ ಕೇಳಿದ: “ಕಾಕಾ, ಗೋವಾದಾಗ ಕ್ಯಾಸಿನೋ ರಾಜಾರೋಷ ನಡೀತಾವ. ನಮ್ಮ ಮಹಾರಾಷ್ಟ್ರದಾಗ ಯಾಕಿಲ್ಲ? ಸರ್ಕಾರ ಲೈಸನ್ಸ್ ಕೊಟ್ಟು ಟ್ಯಾಕ್ಸ್ ತಗೊಂಡ್ರ ನಮ್ಮ ಹುಡುಗರಿಗೆ ನೌಕರಿನೂ ಸಿಗ್ತಾವ, ಪೊಲೀಸರ ಕಾಟಾನೂ ತಪ್ಪತದ.” ಕೂತವರಲ್ಲಿ ನಾಲ್ಕೈದು ಮಂದಿ ಹೌದು ಹೌದು ಎಂದು ತಲೆ ಹಾಕಿದರು.

ನನಗೆ ಆಗ ಉತ್ತರ ಹೊಳೆಯಲಿಲ್ಲ. ಹುಡುಗ ಕೇಳಿದ್ದು ಹುಡುಗಾಟದ ಮಾತೂ ಅಲ್ಲ. ಈ ಸಂಚಿಕೆಗೆ ಇತಿಹಾಸದ ಲೇಖನ ಕೊಡ್ರಿ ಎಂದು ಸಂಪಾದಕರು ಕೇಳಿದಾಗ ಎಂದಿನಂತೆ 1920ರ ಮಾಣಗಾಂವ ಪರಿಷತ್ತಿನ ಬಗ್ಗೆ ಬರೆಯಬೇಕೆಂದಿದ್ದೆ. ಅದನ್ನು ಪ್ರತಿ ವರ್ಷ ಯಾರಾದರೊಬ್ಬರು ಬರೆದೇ ಬರೆಯುತ್ತಾರೆ. ಈ ಸಲ ಆ ಹುಡುಗನ ಪ್ರಶ್ನೆಗೇ ಉತ್ತರ ಹುಡುಕೋಣ ಅನ್ನಿಸಿತು.

ಜೂಜು ಇರಬೇಕೋ ಬೇಡವೋ ಅಂತ ಒಂದೊಂದು ರಾಜ್ಯ ಒಂದೊಂದು ಥರ ಯಾಕೆ ಹೇಳುತ್ತದೆ? ಇದರ ಬೇರು ನಮ್ಮ ಬಾಬಾಸಾಹೇಬರ ಮಾತಿನಲ್ಲೇ ಇದೆ ಎಂದರೆ ನಿಮಗೆ ಆಶ್ಚರ್ಯವಾದೀತು. 1949ರ ಮಾರ್ಚ್ 1ಕ್ಕೆ ಕೊಲ್ಹಾಪುರ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ನಮ್ಮ ಗಡಹಿಂಗ್ಲಜ, ಆ ಕಡೆ ಇಚಲಕರಂಜಿ ಜಹಗೀರು, ಎಲ್ಲವೂ ಮುಂಬಯಿ ಕಾಯ್ದೆಯ ಕೆಳಗೆ ಬಂದವು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ದಿಲ್ಲಿಯ ಸಂವಿಧಾನ ಸಭೆಯಲ್ಲಿ ಯಾವ ವಿಷಯ ಕೇಂದ್ರದ್ದು, ಯಾವುದು ರಾಜ್ಯದ್ದು ಎಂಬ ಪಟ್ಟಿ ಚರ್ಚೆಗೆ ಬಂದಿತ್ತು. ರಾಜ್ಯಗಳ ಪಟ್ಟಿಯಲ್ಲಿ ‘ಬಾಜಿ ಮತ್ತು ಜೂಜು’ ಎಂದಿತ್ತು. ಕೆಲವು ಸದಸ್ಯರಿಗೆ ಸಿಟ್ಟು ಬಂತು, ಸಂವಿಧಾನದಲ್ಲಿ ಜೂಜಿನ ಹೆಸರೇ ಬೇಡ, ತೆಗೆದು ಹಾಕಿರಿ ಎಂದರು.

ಬಾಬಾಸಾಹೇಬರು ವಕೀಲರ ಹಾಗೆ ಉತ್ತರ ಕೊಟ್ಟರು. ಹೆಸರು ಅಳಿಸಿದರೆ ಜೂಜು ಅಳಿಯುವುದಿಲ್ಲ. ಅದರ ಮೇಲೆ ರಾಜ್ಯಕ್ಕಿರುವ ಹಿಡಿತ ಅಳಿಯುತ್ತದೆ. ಪಟ್ಟಿಯಲ್ಲಿ ಇದ್ದರೆ ರಾಜ್ಯ ಅದಕ್ಕೆ ಪರವಾನಗಿ ಕೊಡಲೂಬಹುದು, ಪೂರ್ತಿ ಬಂದ್ ಮಾಡಲೂಬಹುದು. ಇಲ್ಲದಿದ್ದರೆ ಕೈ ಕಟ್ಟಿ ಕೂತಂತೆ. ಇದು ಅವರ ಮಾತಿನ ತಾತ್ಪರ್ಯ. ಆ ಸಾಲು ಉಳಿಯಿತು. ಇವತ್ತಿಗೂ ಸಂವಿಧಾನದ ಏಳನೇ ಅನುಸೂಚಿಯಲ್ಲಿ, ರಾಜ್ಯಪಟ್ಟಿಯ 34ನೇ ನಮೂದು ಅದೇ. ಜೂಜಿನ ಮೇಲಿನ ತೆರಿಗೆ 2016ರವರೆಗೆ 62ನೇದರಲ್ಲಿತ್ತು. ಅಂದರೆ ಬಾಬಾಸಾಹೇಬರು ಜೂಜಿಗೆ ಒಪ್ಪಿಗೆ ಕೊಟ್ಟರು ಅಂತಲ್ಲ. ನಾಳೆ ಏನಾದರೂ ಆದರೆ ಯಾರನ್ನು ಕೇಳಬೇಕು ಅನ್ನುವುದನ್ನು ಬರೆದಿಟ್ಟರು, ಅಷ್ಟೇ.

ಹಾಗಾದರೆ ಮುಂಬಯಿ ರಾಜ್ಯದ ಕೈಯಲ್ಲಿ ಆಗ ಯಾವ ಕಾಯ್ದೆ ಇತ್ತು? ಇಂಗ್ಲಿಷರ 1887ರ ಮುಂಬಯಿ ಜೂಜು ಪ್ರತಿಬಂಧಕ ಕಾಯ್ದೆ. ಇವತ್ತಿಗೂ ಅದೇ ಇದೆ, ಹೆಸರಿಗೆ ಮಾತ್ರ ‘ಮಹಾರಾಷ್ಟ್ರ’ ಬಂದಿದೆ. ಆ ಕಾಲಕ್ಕೆ ಮುಂಬಯಿ ವ್ಯಾಪಾರಿಗಳು ಮಳೆಯ ಮೇಲೂ ಬಾಜಿ ಕಟ್ಟುತ್ತಿದ್ದರಂತೆ. ಇಂತಿಷ್ಟು ಹೊತ್ತಿನೊಳಗೆ ಮಳೆ ಬಿದ್ದು ನೀರು ಹರಿದರೆ ಒಬ್ಬ ಗೆದ್ದ, ಇಲ್ಲದಿದ್ದರೆ ಇನ್ನೊಬ್ಬ. ಅದನ್ನು ಹಿಡಿಯಲು 1890ರಲ್ಲಿ ಕಾಯ್ದೆ ತಿದ್ದಬೇಕಾಯಿತು. ನಮ್ಮ ಮಂದಿ ಮಳೆ ಬಾರದಿದ್ದರೆ ಕಪ್ಪೆ ಮದುವೆ ಮಾಡುತ್ತಾರೆ, ಅವರು ರೊಕ್ಕ ಹಚ್ಚುತ್ತಿದ್ದರು ನೋಡ್ರಿ.

ಆದರೆ ಕಾಯ್ದೆಯ ಒಳಗೆ ಒಂದು ಸಣ್ಣ ಬಾಗಿಲು ಇದೆ. ಜೂಜು ಎಂದರೇನು ಎಂದು ಹೇಳುವ ಕಲಮಿನಲ್ಲೇ, ಲೈಸನ್ಸ್ ಇರುವ ಮೈದಾನದಲ್ಲಿ ಕುದುರೆ ರೇಸಿಗೆ ಕಟ್ಟುವ ಬಾಜಿ ಇದರಲ್ಲಿ ಬರುವುದಿಲ್ಲ ಎಂದು ಬರೆದಿದ್ದಾರೆ. ರೇಸ್ ಮೈದಾನಕ್ಕೆ ಲೈಸನ್ಸ್ ಕೊಡುವುದಕ್ಕೇ 1912ರಲ್ಲಿ ಬೇರೆ ಕಾಯ್ದೆ ಮಾಡಿದರು. ಮುಂಬಯಿಯ ಮಹಾಲಕ್ಷ್ಮಿಯಲ್ಲಿ, ಪುಣೆಯಲ್ಲಿ, ಬೆಂಗಳೂರು-ಮೈಸೂರಿನಲ್ಲಿ ಕೋಟು-ಟೊಪ್ಪಿಗೆ ಹಾಕಿದವರು ಕೂತು ಆಡಿದರೆ ಅದು ‘ಸ್ಪೋರ್ಟ್’. 1996ರಲ್ಲಿ ಸುಪ್ರೀಂ ಕೋರ್ಟ್ ಕೂಡ ಕುದುರೆ ರೇಸು ಅದೃಷ್ಟದ ಆಟವಲ್ಲ, ಕೌಶಲ್ಯದ್ದು ಎಂದಿತು. ಓಡುವ ಕುದುರೆಗೆ, ಸವಾರನಿಗೆ ಕೌಶಲ್ಯ ಇರುತ್ತದೆ, ಖರೆ. ಖಾಸಬಾಗ ಮೈದಾನದಲ್ಲಿ ಕುಸ್ತಿ ಹಿಡಿಯುವ ಪೈಲವಾನನಿಗೂ ಇರುತ್ತದೆ. ಹೊರಗೆ ಕೂತು ರೊಕ್ಕ ಕಟ್ಟಿದವನಿಗೆ ಎಲ್ಲಿಂದ ಬಂತು ಕೌಶಲ್ಯ? ಇದು ನನ್ನ ಮಂದ ಬುದ್ಧಿಯ ಪ್ರಶ್ನೆ.

ಈಗ ನಮ್ಮ ಮಂದಿಯ ಜೂಜಿಗೆ ಬರೋಣ.

ಮಟ್ಕಾ ಹುಟ್ಟಿದ್ದು ಹತ್ತಿಯಿಂದ. ನ್ಯೂಯಾರ್ಕ್ ಹತ್ತಿ ಬಜಾರದ ದರ ತಂತಿಯ ಮೂಲಕ ಮುಂಬಯಿ ಹತ್ತಿ ಬಜಾರಕ್ಕೆ ಬರುತ್ತಿತ್ತು. ಬಜಾರ ತೆರೆದಾಗಿನ ದರ, ಮುಚ್ಚಿದಾಗಿನ ದರ, ಇವುಗಳ ಅಂಕಿಯ ಮೇಲೆ ಬಾಜಿ. ‘ಓಪನ್’, ‘ಕ್ಲೋಜ್’ ಎಂದು ನಮ್ಮ ಓಣಿಯ ಮುದುಕರೂ ಹೇಳುತ್ತಾರಲ್ಲ, ಆ ಶಬ್ದ ಅಲ್ಲಿಂದ ಬಂದದ್ದು. ಗಡಿಯ ಆಚೆ ಕರ್ನಾಟಕದಲ್ಲಿ ಇದನ್ನೇ ಓಸಿ ಅಂತಾರೆ. 1961ರಲ್ಲಿ ನ್ಯೂಯಾರ್ಕಿನಿಂದ ಆ ದರ ಬರುವುದು ನಿಂತಿತು. ಹತ್ತಿ ನಿಂತರೂ ಚಟ ನಿಲ್ಲಲಿಲ್ಲ. 1962ರಲ್ಲಿ ಕಲ್ಯಾಣಜಿ ಭಗತ, 1964ರಲ್ಲಿ ರತನ ಖತ್ರಿ ತಮ್ಮ ತಮ್ಮ ಮಟ್ಕಾ ಸುರು ಮಾಡಿದರು. ಗಡಿಗೆಯಿಂದ ಚೀಟಿ ತೆಗೆಯುತ್ತಿದ್ದರು, ಆಮೇಲೆ ಇಸ್ಪೀಟಿನ ಎಲೆ. ಮೂರು ಎಲೆ ತೆಗೆದು ಕೂಡಿಸಿದರೆ ಬರುವ ಕೊನೆಯ ಅಂಕಿಯೇ ಆವತ್ತಿನ ನಂಬರು. 3, 6, 8 ಬಂದರೆ 17, ನಂಬರು 7. ಗಡಿಗೆಗೆ ಹಿಂದಿಯಲ್ಲಿ ಮಟ್ಕಾ ಎನ್ನುತ್ತಾರೆ, ಎಲೆ ಬಂದ ಮೇಲೂ ಗಡಿಗೆಯ ಹೆಸರೇ ಉಳಿಯಿತು.

ಇದಕ್ಕೆ ರೊಕ್ಕ ಕೊಟ್ಟವರು ಮುಖ್ಯವಾಗಿ ಮುಂಬಯಿ ಗಿರಣಿ ಕೆಲಸಗಾರರು. 1982ರ ಜನವರಿಯಲ್ಲಿ ದತ್ತಾ ಸಾಮಂತರ ನಾಯಕತ್ವದಲ್ಲಿ ಸಂಪು ಸುರುವಾಗಿ ಗಿರಣಿಗಳೇ ಮುಳುಗಿದವು. ಮಗ್ಗದ ಕೆಲಸ ಭಿವಂಡಿ, ಮಾಲೆಗಾಂವ, ನಮ್ಮ ಇಚಲಕರಂಜಿ ಕಡೆ ಹೆಚ್ಚಿತು. ಇಚಲಕರಂಜಿಯಲ್ಲಿ 1904ರಿಂದಲೇ ಪಾವರಲೂಮ್ ಇತ್ತು ಎನ್ನುವುದು ನಿಮಗೆ ಗೊತ್ತು. ಹತ್ತಿಯಿಂದ ಹುಟ್ಟಿದ ಆಟ ನೂಲಿನ ಊರಿಗೆ ಬಂದು ಕೂತದ್ದರಲ್ಲಿ ಸೋಜಿಗವೇನೂ ಇಲ್ಲ. ವಾರದ ಪಗಾರ ಇದ್ದಲ್ಲಿ ಅದು ಇರುತ್ತದೆ.

ಆ ಪಗಾರದ ಬಗ್ಗೆ ಒಂದು ಮಾತು ಹೇಳಲೇಬೇಕು. ಕೊಲ್ಹಾಪುರ ಸಂಸ್ಥಾನದಲ್ಲಿ ಶಾಹೂ ಮಹಾರಾಜರು 1918ರಲ್ಲಿ ಮಹಾರ ವತನ ತೆಗೆದು ಹಾಕುವ ತನಕ ನಮ್ಮ ಮಂದಿಯ ದುಡಿಮೆಗೆ ರೊಕ್ಕದ ಲೆಕ್ಕವೇ ಇರಲಿಲ್ಲ. ಬಿಟ್ಟಿ ಚಾಕರಿ, ಮೇಲೆ ನಾಲ್ಕು ಮುಷ್ಟಿ ಜೋಳ. ಕೈಯಲ್ಲಿ ಎಣಿಸಿಕೊಳ್ಳುವ ಪಗಾರ ಎಂಬುದು ನಮ್ಮ ಮನೆಗಳಿಗೆ ಎರಡು-ಮೂರು ಪೀಳಿಗೆಯ ಹಿಂದೆ ಬಂದದ್ದು. ನಮ್ಮ ಅಪ್ಪ ಮೀಟರ್ ಲೆಕ್ಕದಲ್ಲಿ ಮಜೂರಿ ತರುತ್ತಿದ್ದ. ಮಗ್ಗದ ಬಾಗಿಲು ದಾಟಿದರೆ ಚಹಾದಂಗಡಿ, ಚಹಾದಂಗಡಿಯ ಹಿಂದೆ ಚೀಟಿ ಬರೆಯುವವ. ಆ ಚೀಟಿ ಬರೆಯುವವ ಬೇರೆ ಯಾರೂ ಅಲ್ಲ, ನಮ್ಮ ಸೋದರಮಾವ. ಏಳನೇ ಇಯತ್ತೆ ಓದಿದ್ದ, ಅಕ್ಷರ ಮುತ್ತಿನಂತೆ. ಮಟ್ಕಾ ಮಾಲಕನಿಗೆ ಬೇಕಾದದ್ದು ಅಷ್ಟೇ.

ಲೆಕ್ಕ ನೀವೇ ಮಾಡಿ ನೋಡ್ರಿ. ಹತ್ತು ಅಂಕಿಯಲ್ಲಿ ಒಂದು ಬರಬೇಕು, ಬಂದರೆ ಒಂದಕ್ಕೆ ಒಂಬತ್ತು. ದಿನಾ 10 ರೂಪಾಯಿಯಂತೆ ನೂರು ದಿನ ಹಚ್ಚಿದರೆ ಹೋದದ್ದು 1000. ಸರಾಸರಿ ಹತ್ತು ಸಲ ಬರುತ್ತದೆ, ಕೈಗೆ ಸಿಕ್ಕದ್ದು 900. ನೂರು ರೂಪಾಯಿ ಹೋಯಿತು, ಅಷ್ಟೇನಾ ಅನ್ನಬೇಡ್ರಿ. ಆ 900 ಮನೆಗೆ ಬರುವುದಿಲ್ಲ. ಅದನ್ನೂ ಹಚ್ಚಿದರೆ 810, ಮತ್ತೆ ಹಚ್ಚಿದರೆ 729. ನಮ್ಮ ಅವ್ವನ ಬೋರಮಾಳ ಸರ ಹೀಗೆಯೇ ಒಂದೊಂದೇ ಗುಂಡು ಕರಗಿತು. ಅಪ್ಪ ಗೆದ್ದ ದಿನ ಮಾತ್ರ ನಮಗೆ ನೆನಪಿತ್ತು, ಆವತ್ತು ಜಿಲೇಬಿ ತರುತ್ತಿದ್ದ. ಬುದ್ಧ ಗುರು ಸಿಗಾಲನಿಗೆ ಜೂಜಿನ ಕೇಡು ಹೇಳುವಾಗ ಒಂದು ಮಾತು ಸೇರಿಸಿದ್ದಾನೆ: ಜೂಜುಗಾರನಿಗೆ ಯಾರೂ ಹೆಣ್ಣು ಕೊಡುವುದಿಲ್ಲ. ನಮ್ಮ ಮಾವನ ಲಗ್ನ ಎರಡು ಸಲ ಮುರಿಯಿತು.

ರೇಡು ಬಿದ್ದಾಗಲೆಲ್ಲ ಹಿಡಿದದ್ದು ಅವನನ್ನೇ. ಕೈಯಲ್ಲಿ ಪೆನ್ನು, ಅಂಕಿಯ ಚೀಟಿ, ಒಂದಿಷ್ಟು ಚಿಲ್ಲರೆ, ಇಷ್ಟು ಸಿಕ್ಕರೆ ಕೇಸಿಗೆ ಸಾಕು. ಮಾಲಕ ಯಾರೆಂದು ನಾವು ಒಮ್ಮೆಯೂ ನೋಡಲಿಲ್ಲ. ವರ್ಷಕ್ಕೆ ಇಷ್ಟು ಕೇಸು ಬೇಕಾದಾಗ ಇಂಥವರೇ ಲೆಕ್ಕಕ್ಕೆ ಸಿಗುತ್ತಿದ್ದರು.

ಈಗ 1976ಕ್ಕೆ ಬನ್ನಿ. ದೇಶದಲ್ಲಿ ತುರ್ತುಪರಿಸ್ಥಿತಿ. ಮಟ್ಕಾ ರಾಜ ಎನಿಸಿಕೊಂಡ ರತನ ಖತ್ರಿಯನ್ನು ಜೈಲಿಗೆ ಹಾಕಿದ್ದು ಅದೇ ಕಾಲದಲ್ಲಿ. ಅದೇ ಕಾಲದಲ್ಲಿಯೇ, ಶಂಕರರಾವ ಚವ್ಹಾಣರು ಮುಖ್ಯಮಂತ್ರಿಯಾಗಿದ್ದಾಗ, ಮಹಾರಾಷ್ಟ್ರ ವಿಧಾನಮಂಡಳ ಕ್ಯಾಸಿನೋ ನಿಯಂತ್ರಣ ಮತ್ತು ತೆರಿಗೆ ಕಾಯ್ದೆ ಪಾಸು ಮಾಡಿತು. ಹೌದು, ನಮ್ಮ ರಾಜ್ಯದಲ್ಲಿ ಕ್ಯಾಸಿನೋ ಕಾಯ್ದೆ ಇತ್ತು! ಕಟ್ಟೆಯ ಮೇಲೆ ಕೂತ ಯಾರಿಗೂ ಗೊತ್ತಿರಲಿಲ್ಲ, ನನಗೂ ಮೊದಲು ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಯಾವ ತಾರೀಖಿನಿಂದ ಜಾರಿ ಎಂಬ ಅಧಿಸೂಚನೆಯನ್ನೇ ಯಾವ ಸರ್ಕಾರವೂ ಹೊರಡಿಸಲಿಲ್ಲ. ಕಾಯ್ದೆ ಕಪಾಟಿನಲ್ಲಿ ಮಲಗಿತು. ನಡುವೆ ಜಾರಿ ಮಾಡ್ರಿ ಎಂದು ಹೈಕೋರ್ಟಿಗೂ ಹೋದವರಿದ್ದರು. ಕಡೆಗೆ 2023ರ ಆಗಸ್ಟ್‌ನಲ್ಲಿ ಮಂತ್ರಿಮಂಡಳ ಅದನ್ನು ರದ್ದು ಮಾಡಲು ತೀರ್ಮಾನಿಸಿತು, ಆಮೇಲೆ ಅದು ರದ್ದಾಯಿತು. 47 ವರ್ಷ ಬದುಕದೆ ಸತ್ತ ಕಾಯ್ದೆ. ಆ 47 ವರ್ಷದಲ್ಲಿ ರೇಸಿನ ಕುದುರೆ ಓಡಿತು, 1969ರಲ್ಲಿ ಸುರುವಾದ ರಾಜ್ಯ ಸರ್ಕಾರದ ಸ್ವಂತ ಲಾಟರಿ ನಡೆಯಿತು, ನಮ್ಮ ಮಾವನಂಥವರು ಠಾಣೆಗೆ ಹೋಗಿ ಬರುತ್ತಾ ಇದ್ದರು.

ಇನ್ನು ಗೋವಾ. ಗಡಹಿಂಗ್ಲಜದಿಂದ ಆಜರಾ, ಅಂಬೋಲಿ ಘಾಟ್, ಸಾವಂತವಾಡಿ ದಾಟಿದರೆ ಬಂತು. 1992ರಲ್ಲಿ ಅಲ್ಲಿನ ಸರ್ಕಾರ ಜೂಜಿನ ಕಾಯ್ದೆ ತಿದ್ದಿ ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಜೂಜಿಗೆ ದಾರಿ ಮಾಡಿತು, 1996ರಲ್ಲಿ ನೀರಿನ ಮೇಲಿನ ಹಡಗುಗಳಿಗೂ. ಇವತ್ತು ಪಣಜಿಯ ಮಾಂಡವಿ ನದಿಯಲ್ಲಿ ದೀಪ ಹಚ್ಚಿಕೊಂಡು ನಿಂತಿರುವುದು ಅವೇ. ಅಲ್ಲಿ ನೌಕರಿ ಸಿಗುವುದು ಸುಳ್ಳಲ್ಲ, ಹುಡುಗನ ಆ ಮಾತು ನಾನು ಅಲ್ಲಗಳೆಯುವುದಿಲ್ಲ. ಆದರೆ ಇದನ್ನೂ ಕೇಳ್ರಿ: 2020ರ ಫೆಬ್ರುವರಿಯಿಂದ ಗೋವಾ ಸರ್ಕಾರ ತನ್ನದೇ ಮಂದಿ ಜೂಜಿನ ಕೋಣೆಯೊಳಗೆ ಹೋಗಕೂಡದು ಎಂದು ನಿಯಮ ಮಾಡಿದೆ. ಸಿಕ್ಕಿಂನಲ್ಲಿಯೂ ಕ್ಯಾಸಿನೋ ಇದೆ, ಅಲ್ಲಿಯೂ ಸ್ಥಳೀಕರಿಗೆ ತಡೆ ಇದೆ. ಮನೆಯವರಿಗೆ ಬಡಿಸಲು ಹೆದರುವ ಅಡಿಗೆಯನ್ನು ಯಾರ ತಾಟಿಗೆ ಹಾಕುತ್ತಾರೆ? ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿಯಿಂದ ಹೋದವರ ತಾಟಿಗೆ. ಗೋವಾಕ್ಕೆ ತೆರಿಗೆ, ನಮಗೆ ಸಾಲ.

ಕ್ರೀಡೆಯ ಬಾಜಿಯದೂ ಇದೇ ಕಥೆ. ಅಮೆರಿಕದಲ್ಲಿ 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಬಿಟ್ಟುಕೊಟ್ಟ ಮೇಲೆ 30ಕ್ಕೂ ಹೆಚ್ಚು ರಾಜ್ಯಗಳು ಕ್ರೀಡಾ ಬಾಜಿಯನ್ನು ಕಾನೂನುಬದ್ಧ ಮಾಡಿದವು. ನಮ್ಮಲ್ಲಿಯೂ 2016ರಲ್ಲಿ ಲೋಧಾ ಸಮಿತಿ ಕ್ರಿಕೆಟ್ ಬಾಜಿಗೆ ಕಾಯ್ದೆಯ ಚೌಕಟ್ಟು ಕೊಡಿ ಎಂದಿತ್ತು. ಕರ್ನಾಟಕ 2021ರಲ್ಲಿ ಆನ್‌ಲೈನ್ ಆಟಕ್ಕೆ ನಿಷೇಧ ಹಾಕಿತು, 2022ರ ಫೆಬ್ರುವರಿಯಲ್ಲಿ ಅಲ್ಲಿನ ಹೈಕೋರ್ಟ್ ಆ ಕಲಮುಗಳನ್ನು ಹೊಡೆದುಹಾಕಿತು. ಅಷ್ಟರಲ್ಲಿ ಆಟ ಚಹಾದಂಗಡಿ ಬಿಟ್ಟು ಮೊಬೈಲಿಗೆ ಬಂದಿತ್ತು. ಚೀಟಿ ಬರೆಯುವವನೇ ಬೇಕಾಗಿಲ್ಲ. ಮಾವನ ನೌಕರಿಯೂ ಹೋಯಿತು ಅನ್ನಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ರೊಕ್ಕ ಹಚ್ಚಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾಯ್ದೆ ತಂದಿತು. ಆಡಿಸುವವನಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಆಡುವವನಿಗೆ ಶಿಕ್ಷೆ ಇಲ್ಲ. 1887ರಿಂದ ಈಚೆಗೆ ಚೀಟಿ ಹಿಡಿದ ಬಡವನನ್ನು ಬಿಟ್ಟು ಮಾಲಕನ ಕಡೆ ಬೊಟ್ಟು ತೋರಿಸಿದ ಕಾಯ್ದೆ ನಾನು ಕಂಡಮಟ್ಟಿಗೆ ಇದೊಂದೇ. ಆಟದ ಕಂಪನಿಗಳು ಕೋರ್ಟಿಗೆ ಹೋಗಿವೆ. ಜೂಜು ರಾಜ್ಯದ ವಿಷಯ, ಕೇಂದ್ರಕ್ಕೇನು ಅಧಿಕಾರ ಎಂಬುದೂ ಅಲ್ಲಿ ಒಂದು ವಾದ. ಬಾಬಾಸಾಹೇಬರ ಆ ಸಾಲು ಈಗ ಕಂಪನಿ ವಕೀಲರ ಬಾಯಲ್ಲಿದೆ.

ಇಷ್ಟು ಓದಿ ನೀವು ಕೇಳಬಹುದು, ಹಾಗಾದರೆ ಲೈಸನ್ಸ್ ಬೇಕೋ ಬೇಡವೋ? ನನ್ನ ಮಾತು ಹೇಳುತ್ತೇನೆ. ಚೀಟಿ ಬರೆಯುವ ಹುಡುಗನನ್ನು ಜೈಲಿಗೆ ಹಾಕುವುದು ನಿಲ್ಲಲಿ. ಆದರೆ ಮಾಲಕನಿಗೆ ಲೈಸನ್ಸ್ ಬೇಡ. ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ನಮ್ಮ ಮುಂದೆ ಇಡುತ್ತಾರೆ, ಪೊಲೀಸರ ಕಾಟ ತಪ್ಪಬೇಕಾದರೆ ಕ್ಯಾಸಿನೋ ಬರಬೇಕು ಅನ್ನುವ ಹಾಗೆ. ಗಂಟು ಬಿಚ್ಚಿ ನೋಡ್ರಿ.

ನಮ್ಮ ಮಂಡಳದಲ್ಲಿಯೂ ಇದರ ಬಿಸಿ ತಟ್ಟದೆ ಇಲ್ಲ. ಈ ವರ್ಷ ಜಯಂತಿಯ ವರ್ಗಣಿಗೆ ಹೋದಾಗ ಒಬ್ಬರು ತಾವಾಗಿಯೇ 11,000 ರೂಪಾಯಿ ಮುಂದೆ ಮಾಡಿದರು. ಅವರ ದಂಧೆ ಏನೆಂದು ಓಣಿಗೆಲ್ಲ ಗೊತ್ತು. ಸಭೆಯಲ್ಲಿ ಒಂದೂವರೆ ತಾಸು ಜಗಳವಾಯಿತು. ಕಟ್ಟೆಯ ಮೇಲೆ ಪ್ರಶ್ನೆ ಕೇಳಿದ ಹುಡುಗನೇ ಕಡೆಗೆ ಎದ್ದು ಬೇಡ ಅಂದ. ಅವನ ಅಣ್ಣ ಮೊಬೈಲ್ ಆಟಕ್ಕೆ ಕೂತು ಗಾಡಿ ಮಾರಿದ ಸುದ್ದಿ ನಮಗೆ ತಿಳಿದದ್ದು ಆವತ್ತೇ. ಈ ಸಲ ಮೆರವಣಿಗೆಯಲ್ಲಿ ಡಿಜೆ ಇರಲಿಲ್ಲ, ಹಲಗೆ ಇತ್ತು.

ಓದುಗರಲ್ಲಿ ಒಂದು ವಿನಂತಿ. ಇಚಲಕರಂಜಿಯ ಮಗ್ಗದ ಓಣಿಗಳಲ್ಲಿ, ಗಡಹಿಂಗ್ಲಜ-ಸಂಕೇಶ್ವರ ಭಾಗದಲ್ಲಿ ನಿಮ್ಮ ಹಿರಿಯರ ಮೇಲೆ ಇಂಥ ಕೇಸು ಬಿದ್ದಿದ್ದರೆ, ದಂಡ ಕಟ್ಟಿದ ಹಳೆಯ ಪಾವತಿ, ಕೋರ್ಟಿನ ಕಾಗದ ಏನಾದರೂ ಪೆಟ್ಟಿಗೆಯಲ್ಲಿ ಉಳಿದಿದ್ದರೆ ಮಂಡಳದ ವಾಚನಾಲಯಕ್ಕೆ ತಂದು ಕೊಡ್ರಿ. ನಾಚಿಕೊಳ್ಳಬೇಡ್ರಿ. ನಮ್ಮ ಮಾವನ ಮೂರು ಪಾವತಿ ನಾನು ಆಗಲೇ ಕೊಟ್ಟಿದ್ದೇನೆ.