ಬೆಳಕಿನ ಕಥೆ, ಭಾಗ 3: ಅಜ್ಜಿ ಮೊರ, ಸೀಲಿಂಗ್ ದೀಪ

ರಾಜಾಜಿನಗರದ ಒಂದು ಹಳೇ ಮನೆ. ಆ ಮನೆಯ ಅಜ್ಜಿಗೆ ಹಾಲಿನ ಬೆಳಕು ಸರಿಮಾಡಿ ಕೊಡೋದು ನಮ್ಮ ಇಂಟೀರಿಯರ್ ಡಿಸೈನ್ ಕ್ಲಾಸಿನ ಅಸೈನ್‌ಮೆಂಟು. ನಮ್ಮ ಗುಂಪು ಸಾಫ್ಟ್‌ವೇರಲ್ಲಿ ಫಾಲ್ಸ್ ಸೀಲಿಂಗ್ ಬಿಡಿಸಿ, ಎಂಟು ಡೌನ್‌ಲೈಟ್ ಜೋಡಿಸಿ, ರೆಂಡರ್ ತಗೊಂಡು ಖುಷಿಯಾಗಿ ಹೋದ್ವಿ. ಮೇಡಂ ಅದನ್ನ ತಿರುಗಿಯೂ ನೋಡಲಿಲ್ಲ. "ಅಜ್ಜಿ ಸಂಜೆ ಹೊತ್ತು ಏನ್ ಮಾಡ್ತಾರೆ?" ಅಂದ್ರು. ಒಬ್ಬರಿಗೂ ಗೊತ್ತಿರಲಿಲ್ಲ.

ಅಜ್ಜಿ ನೆಲದ ಮೇಲೆ ಕೂತು ಮೊರದಲ್ಲಿ ಅಕ್ಕಿ ಆರಿಸ್ತಾರೆ. ತಲೆ ಮೇಲೆ ಹೊಸ ಎಲ್‌ಇಡಿ ಇದೆ. ಆದ್ರೂ "ಕಲ್ಲು ಕಾಣಲ್ಲ ಕಣ್ರೋ, ಮೊದಲು ಕಾಣ್ತಿತ್ತು" ಅಂತಾರೆ. ವಯಸ್ಸಾಯ್ತು ಅಂತ ಮನೆಯವರು ಸುಮ್ಮನಾಗಿದ್ರು. ಅದರಲ್ಲಿ ಸುಳ್ಳೇನಿಲ್ಲ: 20ರ ಕಣ್ಣಿಗೆ ಹೋಲಿಸಿದ್ರೆ 60ರ ಕಣ್ಣಿನ ಒಳಪರದೆಗೆ ಮುಟ್ಟೋ ಬೆಳಕು ಸುಮಾರು ಮೂರನೇ ಒಂದು ಭಾಗ ಅಷ್ಟೇ. ಆದ್ರೆ ಆ "ಮೊದಲು" ಅನ್ನೋ ಮಾತು ನಮ್ಮನ್ನ ಬಿಡಲಿಲ್ಲ. ಮೊದಲು ಅಂದ್ರೆ ಯಾವಾಗ? ಯಾವ ದೀಪ?

➡️ ಸ್ವೈಪ್ ಮಾಡಿ

ನಮ್ಮ ಸೀಮೆಯ ಕರೆಂಟಿನ ಕಥೆ ಶುರುವಾಗೋದು ಶಿವನಸಮುದ್ರದಲ್ಲಿ. 1902ರಲ್ಲಿ ಕಾವೇರಿ ನೀರಿಂದ ತೆಗೆದ ವಿದ್ಯುತ್ತು ಮೊದಲು ಬಂದಿದ್ದು ಬೆಂಗಳೂರಿಗಲ್ಲ. ಸುಮಾರು 147 ಕಿ.ಮೀ. ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕೊಟ್ಟರು. ಚಿನ್ನ ಮೊದಲು, ಊರು ಆಮೇಲೆ! ಬೆಂಗಳೂರಿನ ಬೀದೀಲಿ ವಿದ್ಯುತ್ ದೀಪ ಹತ್ತಿದ್ದು 1905ರ ಆಗಸ್ಟ್ 5ರಂದು, ಈಗಿನ ಕೆ.ಆರ್. ಮಾರ್ಕೆಟ್ ಹತ್ತಿರ. ಇದು "ಏಷ್ಯಾದಲ್ಲೇ ಮೊದಲು" ಅಂತ ಪ್ರತಿ ವರ್ಷ ಫಾರ್ವರ್ಡ್ ಬರುತ್ತೆ. ಸ್ವಲ್ಪ ನಿಧಾನ ಗುರು. ಕಲ್ಕತ್ತಾದಲ್ಲಿ 1899ರಲ್ಲೇ ಕಂಪನಿ ವಿದ್ಯುತ್ ಪೂರೈಸೋಕೆ ಶುರು ಮಾಡಿತ್ತು. ನೀರಿಂದ ತೆಗೆದ ಕರೆಂಟು ಅಷ್ಟು ದೂರದಿಂದ ಬಂದಿದ್ದೇ ಸಾಕು ಹೆಮ್ಮೆ ಪಡೋಕೆ.

ಮುಂದೆ 1936ರಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಮೈಸೂರು ಲ್ಯಾಂಪ್ಸ್ ಶುರುವಾಯ್ತು. ಮಲ್ಲೇಶ್ವರಂ ಪಶ್ಚಿಮಕ್ಕೆ, ಹಳೇ ತುಮಕೂರು ರಸ್ತೆಯಲ್ಲಿ. ಅಂದ್ರೆ ನಮ್ಮ ಮಗ್ಗುಲಲ್ಲೇ. ರಾಜಾಜಿನಗರ ಹುಟ್ಟಿದ್ದು ಅದಾದ ಮೇಲೆ, 1949ರಲ್ಲಿ, ಕೈಗಾರಿಕಾ ಬಡಾವಣೆಯಾಗಿ. ಆಗ ಗವರ್ನರ್ ಜನರಲ್ ಆಗಿದ್ದ ರಾಜಾಜಿ ಅವರ ಹೆಸರೇ ಇಟ್ಟರು. ಬಲ್ಬು ಮಾಡೋ ಕಾರ್ಖಾನೆ ಪಕ್ಕದಲ್ಲೇ ಬೆಳೆದ ಏರಿಯಾ ನಮ್ಮದು. 2000ದ ದಶಕದ ಆರಂಭದಲ್ಲಿ ಆ ಕಾರ್ಖಾನೆ ಉತ್ಪಾದನೆ ನಿಲ್ಲಿಸ್ತು. ಈಗ ನಾವು ಬೆಳಕು ಕಲಿಯೋದು ಕ್ಯಾಟಲಾಗ್ ಪಿಡಿಎಫ್ ನೋಡಿ.

➡️

ಈಗ ಅಜ್ಜಿ ಮನೆಗೆ ವಾಪಸ್. ಹಾಲಿನ ತಾರಸಿ ಮಧ್ಯೆ ಒಂದು ಕಬ್ಬಿಣದ ಹುಕ್ಕು ಇತ್ತು. ನಾವು ಫ್ಯಾನಿಗೆ ಇರಬೇಕು ಅಂದ್ಕೊಂಡಿದ್ವಿ. "ಅಲ್ಲಪ್ಪ, ಅಲ್ಲಿಂದ ಬಲ್ಬು ಇಳಿಬಿಟ್ಟಿದ್ರು. ನಾನು ನಿಂತ್ರೆ ತಲೆಗೆ ತಾಗೋ ಹಂಗೆ" ಅಂದ್ರು ಅಜ್ಜಿ.

ಮೇಡಂ ಒಂದು ಹೋಲ್ಡರು, ಉದ್ದ ವೈರು, 9 ವಾಟಿನ ಎಲ್‌ಇಡಿ ಬಲ್ಬು ಕೈಗೆ ಕೊಟ್ರು. ಮಿಕ್ಕ ದೀಪ ಎಲ್ಲ ಆರಿಸಿ, ಒಬ್ಬ ಸ್ಟೂಲ್ ಹತ್ತಿ ಬಲ್ಬನ್ನ ತಾರಸಿ ಹತ್ತಿರ ಹಿಡಿದ, ಇನ್ನೊಬ್ಬಳು ಮೊರದ ಪಕ್ಕ ಲಕ್ಸ್ ಮೀಟರ್ ಹಿಡಿದಳು. ಆಮೇಲೆ ಬಲ್ಬನ್ನ ಮೆಲ್ಲಗೆ ಇಳಿಸ್ತಾ ಬಂದ್ವಿ. ದೂರ ಅರ್ಧ ಆದ್ರೆ ನೇರವಾಗಿ ಬೀಳೋ ಬೆಳಕು ನಾಲ್ಕು ಪಟ್ಟು. ಪಿಯುಸಿ ಫಿಸಿಕ್ಸಲ್ಲಿ ಎರಡು ಮಾರ್ಕಿಗೆ ಬರೆದಿದ್ದ ನಿಯಮ, ಅವತ್ತು ಅಕ್ಕಿ ಮೇಲೆ ಕಣ್ಣಾರೆ ನೋಡಿದ್ದು.

ಅಲ್ಲೇ ಕೂತು ಲೆಕ್ಕ ಹಾಕಿದ್ವಿ. ಹಳೇ 40 ವಾಟಿನ ಬಲ್ಬು ಕೊಡ್ತಿದ್ದಿದ್ದು ಸುಮಾರು 400 ಲ್ಯೂಮೆನ್. ಈಗಿನ 9 ವಾಟಿನ ಎಲ್‌ಇಡಿ ಸುಮಾರು 900, ಅಂದ್ರೆ ಎರಡು ಪಟ್ಟಿಗಿಂತ ಜಾಸ್ತಿ. ಆದ್ರೆ ಅದು ಎರಡರಷ್ಟು ದೂರ ಹೋಗಿ ಕೂತ್ರೆ ಮೊರಕ್ಕೆ ನೇರವಾಗಿ ಸಿಗೋದು ಹಳೇ ಬಲ್ಬಿನ ಅರ್ಧಕ್ಕಿಂತ ಸ್ವಲ್ಪ ಮೇಲೆ, ಅಷ್ಟೇ. (ಗೋಡೆಗೆ ಬಡಿದು ವಾಪಸ್ ಬರೋ ಬೆಳಕು ಬೇರೆ ಲೆಕ್ಕ.) ಜೊತೆಗೆ ಅಜ್ಜಿ ಬಗ್ಗಿದ ತಕ್ಷಣ ಅವರ ತಲೆ ನೆರಳೇ ಮೊರದ ಮೇಲೆ.

ಅಜ್ಜಿ ಹೇಳಿದ್ದು ನಿಜ. ಮೊದಲು ಕಾಣ್ತಿತ್ತು.

ಹಿಂದೆ ಹಣತೆ, ಬುಡ್ಡಿ ಇಡ್ತಿದ್ದಿದ್ದು ಗೋಡೆಯ ಗೂಡಲ್ಲಿ, ಕೈಗೆ ಎಟುಕೋ ಎತ್ತರಕ್ಕೆ. ಲಾಟೀನು ಕೆಲಸ ಎಲ್ಲಿದ್ರೆ ಅಲ್ಲಿಗೆ ಬರ್ತಿತ್ತು. ಬಲ್ಬು ವೈರಲ್ಲಿ ನೇತಾಡ್ತಿತ್ತು, ಆದ್ರೂ ಹತ್ತಿರವೇ ಇತ್ತು. ನಾಲ್ಕು ಅಡಿ ಟ್ಯೂಬ್‌ಲೈಟು, ಅದರ ಚೋಕು, ಸ್ಟಾರ್ಟರ್ ಬಂದ ಮೇಲೆ ದೀಪ ಗೋಡೆ ತುದಿಗೆ ಏರಿತು. ಫಾಲ್ಸ್ ಸೀಲಿಂಗ್ ಬಂದ್ಮೇಲೆ ಅದರೊಳಗೇ ಹೂತುಹೋಯ್ತು. 2015ರ ಕೊನೆಗೆ "ಹೊಸ ಬೆಳಕು" ಯೋಜನೆಯಲ್ಲಿ 9 ವಾಟಿನ ಎಲ್‌ಇಡಿ ಮನೆಮನೆಗೆ ಬಂತು. ಕರೆಂಟು ಉಳೀತು, ತುಂಬಾ ಒಳ್ಳೇದು. ಆದ್ರೆ ದೀಪ ಇರೋ ಎತ್ತರದ ಬಗ್ಗೆ ಯಾರೂ ಮಾತಾಡಲಿಲ್ಲ. ಪ್ರತಿ ಹೊಸ ದೀಪಕ್ಕೂ ಬೆಳಕು ಜಾಸ್ತಿ ಆಯ್ತು, ಮಾಡೋ ಕೆಲಸದಿಂದ ದೂರವೂ ಜಾಸ್ತಿ ಆಯ್ತು. ನಮ್ಮ ಎಂಟು ಡೌನ್‌ಲೈಟೂ ಅದನ್ನೇ ಮಾಡೋಕೆ ಹೊರಟಿದ್ವು.

ಕೊನೆಗೆ ಮಾಡಿದ್ದಿಷ್ಟು: ಅದೇ ಹುಕ್ಕಿಂದ ಒಂದು ಬಲ್ಬು, ಮೇಲೆ ಕೆಳಗೆ ಜಗ್ಗೋ ಹಾಗೆ, ಕಣ್ಣಿಗೆ ಹೊಡೀದೇ ಇರಲಿ ಅಂತ ಅದಕ್ಕೊಂದು ಟೋಪಿ. ಅಜ್ಜಿ ಅದರ ಕೆಳಗೆ ಕೂರಲಿಲ್ಲ. ಬಲ್ಬು ತಮ್ಮ ಎಡಗಡೆ ಸ್ವಲ್ಪ ಮುಂದೆ ಬರೋ ಹಾಗೆ ಮಣೆ ಸರಿಸ್ಕೊಂಡು ಕೂತ್ರು. ನೆರಳು ಮೊರದಿಂದ ಆಚೆ ಹೋಯ್ತು. ಅದನ್ನ ಅವರಿಗೆ ನಾವ್ಯಾರೂ ಹೇಳಿಕೊಟ್ಟಿರಲಿಲ್ಲ.

ನಿಮ್ಮ ಮನೇಲೂ ಹಳೇ ಹುಕ್ಕು, ದೀಪದ ಗೂಡು ಇದ್ರೆ ನೆಲದಿಂದ ಎಷ್ಟು ಎತ್ತರ ಅಂತ ಟೇಪ್ ಹಿಡಿದು ಅಳೆದು ಕಾಮೆಂಟಲ್ಲಿ ಹಾಕಿ. ಭಾಗ 4ರಲ್ಲಿ ಟ್ಯೂಬ್‌ಲೈಟು.

#ಬೆಳಕಿನಕಥೆ #ರಾಜಾಜಿನಗರ #ಮೈಸೂರುಲ್ಯಾಂಪ್ಸ್